ಐತಾಳರ ಹಲ್ಲು, ಠಾಣೆಯ ವಶದಲ್ಲಿ

ನಾವುಂದದ ಬಾಲಚಂದ್ರ ಐತಾಳರು ಮೂವತ್ತೊಂದು ವರ್ಷ ಕುಂದಾಪುರ–ಬೈಂದೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೆಲಸ ಬಿಟ್ಟು ಆರು ವರ್ಷವಾದರೂ ಹಿಂದಿನ ಸೀಟಿನವರಿಗೂ ಕೇಳಬೇಕೆಂಬ ಅಂದಾಜಿನಲ್ಲೇ ಮನೆಯೊಳಗೆ ಮಾತಾಡುತ್ತಿದ್ದರು. ಕೇಳಲಿಕ್ಕೆ ಇದ್ದವರು ಹೆಂಡತಿ ಗೋಮತಿ ಮತ್ತು ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಮಗ ಗೌರೀಶ್. ಇಬ್ಬರ ಕಿವಿಯೂ ಸರಿಯಾಗಿಯೇ ಇತ್ತು.

ಕಳೆದ ವರ್ಷ ಐತಾಳರ ಮೇಲಿನ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಕುಂದಾಪುರದ ಡಾಕ್ಟರು ಮೇಲಿನ ಸಾಲಿಗೆ ಪೂರ್ತಿ ಸೆಟ್ಟು ಮಾಡಿಕೊಟ್ಟರು. ಅದನ್ನು ಹಾಕಿಕೊಂಡ ಮೂರನೆಯ ದಿನ, ಮಂಗಳವಾರ ಬೆಳಿಗ್ಗೆ, ಒಸಡು ನೋಯುತ್ತದೆಂದು ಡಾಕ್ಟರಿಗೆ ತೋರಿಸಿ ಸ್ಕೂಟರಿನಲ್ಲಿ ವಾಪಸು ಬರುವಾಗ ಹೆಮ್ಮಾಡಿ ಹತ್ತಿರ ಪೊಲೀಸರು ಕೈ ಅಡ್ಡ ಹಾಕಿದರು. ಹೆಲ್ಮೆಟ್ ಇತ್ತು. ಆದರೆ ತಲೆಯ ಮೇಲಲ್ಲ, ಸ್ಕೂಟರಿನ ಕನ್ನಡಿಯ ಮೇಲೆ. ಗಲ್ಲದ ಪಟ್ಟಿ ಬಿಗಿದರೆ ಹೊಸ ಹಲ್ಲು ಒಸಡಿಗೆ ಒತ್ತುತ್ತದೆ ಎಂಬುದು ಐತಾಳರ ವಾದ. ಆ ವಾದಕ್ಕೆ ಬಾಯಿ ತೆರೆಯುವ ಮೊದಲೇ ಒಬ್ಬ ಕಾನ್‌ಸ್ಟೇಬಲ್ ಸ್ಕೂಟರಿನ ಕೀ ಎಳೆದುಕೊಂಡ.

ಕಾನ್‌ಸ್ಟೇಬಲ್‌ನ ಹೆಸರು ಯಲಗೂರೇಶ. ಬಾಗಲಕೋಟೆ ಕಡೆಯವ, ಇಪ್ಪತ್ತಾರು ವರ್ಷ, ಈ ಊರಿಗೆ ಬಂದು ಆರು ತಿಂಗಳು.

"ಹ್ವಾಯ್, ಕೀ ಕೊಡಿ ಕಾಂಬ," ಎಂದರು ಐತಾಳರು.

"ಯಾರಿಗ್ರೀ ಹ್ವಾಯ್ ಅನ್ನೋದು?"

"ನಿಮ್ಗೇ. ಇನ್ಯಾರಿಗ್, ಲೈಟ್ ಕಂಬಕ್ಕಾ?"

ಮುಂದಿನ ಅರ್ಧ ನಿಮಿಷಕ್ಕೆ ಎರಡು ಕಥೆಗಳಿವೆ. ಐತಾಳರು ಕರ್ತವ್ಯನಿರತ ಕಾನ್‌ಸ್ಟೇಬಲ್‌ನ ಕೈ ಹಿಡಿದೆಳೆದು ಬಲವಾಗಿ ಕಚ್ಚಿದರು ಎಂಬುದು ಪೊಲೀಸರದು. ತಾನು ಕೀ ಹಿಡಿಯಲು ಹೋದೆ, ಅವರು ಕೈ ಮೇಲೆತ್ತಿದರು, ತನ್ನ ಬಾಯಿ ಮೊದಲಿಂದಲೂ ಅಲ್ಲೇ ಇತ್ತು ಎಂಬುದು ಐತಾಳರದು. ಆಮೇಲಿನದ್ದರ ಬಗ್ಗೆ ಭಿನ್ನಾಭಿಪ್ರಾಯವಿಲ್ಲ, ಯಾಕೆಂದರೆ ಬಸ್‌ಸ್ಟಾಪಿನಲ್ಲಿ ನಿಂತವರೊಬ್ಬರು ಅದರ ವಿಡಿಯೋ ಮಾಡಿದ್ದರು. ಹದಿಮೂರು ಸೆಕೆಂಡು. ಯಲಗೂರೇಶ ಕೈ ಎತ್ತಿಕೊಂಡು ಹೆದ್ದಾರಿ ಬದಿಯಲ್ಲಿ ಸುತ್ತು ಹೊಡೆಯುತ್ತಿದ್ದಾನೆ. ಅವನ ಹೆಬ್ಬೆರಳ ಬುಡದಲ್ಲಿ ಗುಲಾಬಿ ಒಸಡಿನ ಸಮೇತ ಒಂದು ಸಾಲು ಹಲ್ಲು ಜೋತಾಡುತ್ತಿದೆ. ಹಿಂದಿನಿಂದ ಐತಾಳರು, ತುಟಿ ಒಳಗೆ ಹೋದ ಮುಖದಲ್ಲಿ, ಎರಡೂ ಕೈ ಚಾಚಿಕೊಂಡು ಅದನ್ನು ಬೇಡುತ್ತಾ ಓಡುತ್ತಿದ್ದಾರೆ.

ಗೌರೀಶನಿಗೆ ಆ ವಿಡಿಯೋ ತೋರಿಸಿದ್ದು ಅಂಗಡಿಗೆ ಬಂದ ಗಿರಾಕಿ. ಗೌರೀಶ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೆಯ ಸಲ ನೋಡುವಾಗ ಅಂಗಿಯ ಗುರುತು ಸಿಕ್ಕಿತು. ಯುಗಾದಿಗೆ ತಾನೇ ತಂದುಕೊಟ್ಟದ್ದು.

ವಿಡಿಯೋ ಇಲ್ಲದಿದ್ದರೆ ಹೆಲ್ಮೆಟ್ಟಿನ ದಂಡ, ನಾಲ್ಕು ಬೈಗುಳ, ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ಮಧ್ಯಾಹ್ನದೊಳಗೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲರೂ ಅದನ್ನು ನೋಡಿಯಾಗಿತ್ತು. ಮೇಲಿನವರಿಗೆ ಇಲಾಖೆಯ ಮಾನದ ನೆನಪಾಯಿತು. ಎಫ್‌ಐಆರ್ ತಯಾರಾಯಿತು: ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಲ್ಲೆ, ಅದರಲ್ಲಿ ಗಾಯ, ಅದೂ ಅಪಾಯಕಾರಿ ಆಯುಧದಿಂದ. ಇದಲ್ಲದೆ ಆರೋಪಿಯು ಫಿರ್ಯಾದಿಯನ್ನು 'ಹ್ವಾಯ್' ಎಂಬ ಅವಾಚ್ಯ ಶಬ್ದದಿಂದ ನಿಂದಿಸಿದ್ದಾಗಿಯೂ ಬರೆದಿತ್ತು. ಆಯುಧವನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡು ಬಿಳಿ ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದರು.

ಗೋಮತಿ ಮಗನ ಜೊತೆ ಠಾಣೆಗೆ ಹೋಗುವಾಗ ಕುಂದಾಪುರದ ವಕೀಲೆ ರಂಜನಿಯನ್ನೂ ಬರಹೇಳಿದ್ದರು. ರಂಜನಿ ಐದು ವರ್ಷ ಕಾಲೇಜಿಗೆ ಹೋದದ್ದು ಐತಾಳರ ಬಸ್ಸಿನಲ್ಲಿ, ಐದೂ ವರ್ಷ ನಿಂತುಕೊಂಡೇ.

"ಇವು ಯಾವುದಕ್ಕೂ ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇಲ್ಲ," ಎಂದರು ರಂಜನಿ, ಎಫ್‌ಐಆರ್ ಓದಿ. "ಇಂಥದ್ದಕ್ಕೆ ವಿಚಾರಣೆಗೆ ಬನ್ನಿ ಅಂತ ಒಂದು ನೋಟಿಸ್ ಕೊಟ್ಟರೆ ಸಾಕು. ಹಿಡಿದು ಕೂಡಿಸಲೇಬೇಕಾದರೆ ಯಾಕೆ ಅಂತ ಕಾರಣ ಬರೀಬೇಕು."

"ಬರ್ದಿದ್ರಾ?" ಎಂದು ಕೇಳಿದರು ಗೋಮತಿ.

"ಬರ್ದಿದ್ದಾರೆ. ಸಾಕ್ಷ್ಯ ನಾಶ ಮಾಡಬಹುದು, ಮತ್ತೆ ಇದೇ ಅಪರಾಧ ಮಾಡಬಹುದು, ಊರು ಬಿಟ್ಟು ಓಡಬಹುದು. ಅಚ್ಚು ಹಾಕಿದ ಪಟ್ಟಿ. ಎಲ್ಲದಕ್ಕೂ ಟಿಕ್ ಹೊಡೆದಿದ್ದಾರೆ."

"ಓಡುದಾ? ಮೊಣಗಂಟ್ ನೋವಂದೇಳಿ ಇವ್ರ್ ಬಾವಿಕಟ್ಟಿಗೂ ಹೋತಿಲ್ಲೆ!"

ಸಂಜೆ ನಾಲ್ಕಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಮೈಸೂರು ಕಡೆಯ ಹೆಂಗಸು, ಎದುರಿಗೆ ಕಡತಗಳ ರಾಶಿ. "ಪೊಲೀಸರಿಂದ ಏನಾದರೂ ತೊಂದರೆ ಆಗಿದೆಯೇ?" ಎಂದು ನಿಯಮದಂತೆ ಕೇಳಿದರು. ಐತಾಳರು ಜೀವಮಾನದಲ್ಲಿ ಯಾವ ಪ್ರಶ್ನೆಗೂ ಕೊಡದಷ್ಟು ಉದ್ದದ ಉತ್ತರ ಕೊಟ್ಟರು. ಮೇಲಿನ ಸಾಲು ಇಲ್ಲದ ಬಾಯಿಂದ ಅದು ಗಾಳಿಯಾಗಿ, ಉಗುಳಾಗಿ ಹೊರಬಂತು. ಕೊನೆಗೆ ಬಾಯಿ ತೋರಿಸಿ "ಹಲ್ಲಿಲ್ಲ!" ಎಂದು ಕೂಗಿದರು. ಅದರಲ್ಲಿ 'ಇಲ್ಲ' ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಯಾವುದೇ ದೂರು ಇಲ್ಲ ಎಂದು ದಾಖಲಾಯಿತು. ಹದಿನಾಲ್ಕು ದಿನ ನ್ಯಾಯಾಂಗ ಬಂಧನ.

ಮರುದಿನವೇ ರಂಜನಿ ಬೇಲ್ ಅರ್ಜಿ ಹಾಕಿದರು. ಸರ್ಕಾರಿ ವಕೀಲರು ಆಕ್ಷೇಪಣೆ ಬರೆಯಲು ಸೋಮವಾರದವರೆಗೆ ಸಮಯ ಕೇಳಿದರು. ಸೋಮವಾರ ಮ್ಯಾಜಿಸ್ಟ್ರೇಟರಿಗೆ ರಜೆ. ಅಂತೂ ವಿಚಾರಣೆ ಬುಧವಾರಕ್ಕೆ ಹೋಯಿತು.

ಮೊದಲ ದಿನ ಗೋಮತಿ ಅತ್ತರು. ಎರಡನೆಯ ದಿನ, ಹೇಳಲಿಕ್ಕೆ ಸಂಕೋಚವಾದರೂ, ಅವರಿಗೆ ಬಹಳ ಒಳ್ಳೆಯ ನಿದ್ದೆ ಬಂತು. ಬೆಳಿಗ್ಗೆ ರೇಡಿಯೋದಲ್ಲಿ ವಾರ್ತೆಯನ್ನು ಆರಂಭದಿಂದ ಕೊನೆಯವರೆಗೆ, ನಡುವೆ ಯಾರೂ ಮಂತ್ರಿಗಳಿಗೆ ಉತ್ತರ ಕೊಡದೆ, ಕೇಳಿದರು. ನಲವತ್ತು ವರ್ಷದಲ್ಲಿ ಅದೇ ಮೊದಲು. ಮೂರನೆಯ ದಿನ ವಾರ್ತೆ ಸಪ್ಪೆಯಾಯಿತು. ಮಂತ್ರಿಯೊಬ್ಬ ಏನೋ ಹೇಳಿದ, ಅವನಿಗೆ ಬೈಯುವವರು ಯಾರೂ ಇರಲಿಲ್ಲ. ಗೋಮತಿ ರೇಡಿಯೋ ಆರಿಸಿ, ಸೀರೆ ಉಟ್ಟು, ಎರಡು ಬಸ್ ಹತ್ತಿ ಜೈಲಿಗೆ ಹೋದರು.

ಕಬ್ಬಿಣದ ಜಾಲರಿಯ ಆಚೆ ಐತಾಳರ ಜೊತೆ ಇನ್ನೊಬ್ಬ ಬಂದು ನಿಂತ. ಕಪ್ಪಗೆ, ಗಟ್ಟಿ ಆಳು, ನಲವತ್ತರ ಆಸುಪಾಸು. ಪಹರೆಯವರು ಬಿಟ್ಟದ್ದಕ್ಕೂ ಕಾರಣವಿತ್ತು.

"ನಾನ್ ಸುಬ್ಬ ಅಂದೇಳಿ, ಅಮ್ಮ," ಎಂದ ಅವನು. "ಐತಾಳ್ರ್ ಹೇಳುದ್ ಇಲ್ಲಿ ಯಾರಿಗೂ ತಿಳೀತಿಲ್ಲೆ. ನಂಗೆ ತಿಳೀತ್ತ್. ನನ್ ಅಜ್ಜಿಗೂ ಹಲ್ಲ್ ಇರ್ಲಿಲ್ಲೆ."

ಐತಾಳರು ಒಂದು ನಿಮಿಷ ಏನೇನೋ ಹೇಳಿದರು.

"ಚಪಾತಿ ಕಲ್ಲಿನ ಹಾಂಗಿತ್ತಂಬ್ರ್," ಎಂದ ಸುಬ್ಬ. "ನಾನ್ ಸಾಂಬಾರಲ್ಲಿ ಅದ್ದಿ ಕೊಡ್ತೆ, ಚಿಂತಿ ಮಾಡ್ಬೇಡಿ. ವಕೀಲ್ರಿಗೆ ಜೋರ್ ಮಾಡುಕ್ ಹೇಳಂಬ್ರ್. ಮತ್ತೆ ನಿಮ್ಮನ್ನ ದಿನಾ ನೆನ್ಸ್ಕಂತ್ರಂಬ್ರ್."

ಐತಾಳರು ಜೋರಾಗಿ ತಲೆ ಅಲ್ಲಾಡಿಸಿದರು. ಅದನ್ನು ಅವರು ಹೇಳಿರಲಿಲ್ಲ.

"ಹೇಳ್ರ್," ಎಂದ ಸುಬ್ಬ ಕಣ್ಣು ಮಿಟುಕಿಸದೆ.

ಗೋಮತಿ ಅವನನ್ನೇ ಕೇಳಿದರು. "ನಿಮ್ದ್ ಎಂತ ಕೇಸ್, ಮಗಾ?"

"ಇವ್ರದ್ದೇ. ಪೊಲೀಸ್ರ ಮೇಲೆ ಕೈ ಮಾಡಿದ್ದ್. ಹೊಳಿಯಲ್ಲಿ ಮರಳ್ ತೆಗಿತಿದ್ದಾಗ ಪೊಲೀಸ್ರೊಬ್ರ್ ದೋಣಿ ಹತ್ತುಕೆ ಬಂದ್ರ್. ದೋಣಿ ಅಲ್ಲಾಡ್ತ್, ಅವ್ರ್ ನೀರಿಗ್ ಬಿದ್ರ್. ನಾನೇ ದೂಡಿದ್ದ್ ಅಂದ್ರ್. ಮೇಲೆತ್ತಿದ್ದೂ ನಾನೇ, ಅದನ್ನ್ ಯಾರೂ ಬರ್ಕಣ್ಲಿಲ್ಲೆ. ಬೇಲ್ ಆಯಿ ಐದ್ ತಿಂಗ್ಳಾಯ್ತ್."

"ಬೇಲ್ ಆದ್ರೆ ಮತ್ತೆ ಇಲ್ಲಿ ಎಂತ ಮಾಡ್ತ್ರಿ?"

"ಜಾಮೀನಿಗೆ ನಿಂಬುಕ್ ಜಾಗ ಇಪ್ಪವ್ರ್ ಬೇಕಲೆ, ಅಮ್ಮ. ನಮ್ ಕಡೀಲ್ ಜಾಗ ಇಪ್ಪವ ದೋಣಿ ಯಜಮಾನ ಒಬ್ನೇ. ಅವನ್ನೂ ಹಿಡ್ದಿದ್ರ್, ಅವ ನಾಲ್ಕೇ ದಿನಕ್ಕೆ ಹೊರಗ್ ಹೋದ, ತಿರ್ಗಿ ಈ ಕಡಿಗ್ ಬರ್ಲಿಲ್ಲೆ."

ಅಷ್ಟರಲ್ಲಿ ಗಂಟೆ ಹೊಡೆದರು. ಐತಾಳರು ಹೋಗುವಾಗ ಹಿಂದೆ ತಿರುಗಿ ಇನ್ನೊಂದು ಮಾತು ಕೂಗಿದರು. "ಹಲ್ಲ್ ತರ್ಸಿ ಅಂಬ್ರ್," ಎಂದ ಸುಬ್ಬ. ಈ ಸಲ ಐತಾಳರು ತಲೆಯಾಡಿಸಿ ಒಪ್ಪಿದರು.

ಬೇಲ್ ರಂಜನಿಯ ಕೆಲಸ, ಹಲ್ಲು ತನ್ನದು ಎಂದು ಗೋಮತಿ ತೀರ್ಮಾನಿಸಿ ನೇರ ಠಾಣೆಗೆ ಹೋದರು. ಅಲ್ಲಿ ಬರೆಯುವ ಮೇಜಿನಲ್ಲಿ ಎಎಸ್‌ಐ ಅಣ್ಣಯ್ಯ ಇದ್ದರು, ಊರಿನವರೇ.

"ಗೋಮತಕ್ಕ, ಅದ್ ಈಗ ಹಲ್ಲಲ್ಲ, ಮುದ್ದೆಮಾಲು, ಕೇಸಿನ ಸೊತ್ತು," ಎಂದರು ಅಣ್ಣಯ್ಯ. "ಕೋರ್ಟ್ ಹೇಳದೆ ನಾನ್ ಕೊಡುಕಾಗ. ಪರೀಕ್ಷೆಗೆ ಲ್ಯಾಬಿಗೆ ಕಳ್ಸುಕಿತ್ತ್."

"ಎಂತ ಪರೀಕ್ಷೆ?"

"ಅದ್ ಅವರ್ದೇ ಹಲ್ಲಾ ಅಂದೇಳಿ."

"ನೀವೇ ಅವ್ರ ಬಾಯಿಂದ ಬಿದ್ದದ್ ಅಂದೇಳಿ ಬರ್ದಿದ್ರಿ!"

ಅಣ್ಣಯ್ಯ ಪೆನ್ನಿನ ಮುಚ್ಚಳ ಹುಡುಕತೊಡಗಿದರು.

ಹೊರಗೆ ಜಗಲಿಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡ ಯಲಗೂರೇಶ ಕೂತಿದ್ದ. ಗೋಮತಿ ಅವನಿಗೆ ಬೈಯಬೇಕೆಂದೇ ಹತ್ತಿರ ಹೋದರು. ಅವನು ಎದ್ದು ನಿಂತ. ಹತ್ತಿರದಿಂದ ನೋಡಿದರೆ ಗೌರೀಶನಿಗಿಂತಲೂ ಚಿಕ್ಕವ.

"ನೋವಿತ್ತಾ?" ಎಂಬುದು ಬಾಯಿಂದ ಬಂತು.

"ನೋವು ಹೋಗ್ಲಿ ಬಿಡ್ರಿ, ಅಮ್ಮಾರ. ನಮ್ಮೂರಾಗೂ ಆ ವಿಡಿಯೋ ನೋಡ್ಯಾರ. ನಮ್ಮವ್ವ ಫೋನ್ ಮಾಡಿ ಯಾರ ಹಲ್ಲೋ ಅವು ಅಂತ ಅಳಾಕತ್ತಿದ್ಲು. ಆಸ್ಪತ್ರಿಯಾಗ ಡಾಕ್ಟ್ರು ಏನು ಕಚ್ಚೇತಿ ಅಂತ ಕೇಳಿದ್ರು. ಮುದುಕರು ಅಂದೆ. ನರ್ಸ್ ಎದ್ದು ಹೊರಗ ಹೋಗಿ ನಕ್ಕು ಬಂದ್ಲು."

ಗೋಮತಿಗೂ ನಗು ಬಂತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

"ಆದ್ರ ಅವರು ನನಗ ಹಂಗ ಬೈಬಾರದಿತ್ತು," ಎಂದ ಯಲಗೂರೇಶ. "ಇವರೊಬ್ರ ಅಲ್ರಿ. ಈ ಊರಾಗ ಆರು ತಿಂಗಳಿಂದ ಎಲ್ರೂ ನನಗ ಹ್ವಾಯ್ ಅಂತಾರ. ಚಾದಂಗಡಿಯವ, ಬಸ್ಸಿನವ, ಮೀನು ಮಾರೋ ಅಜ್ಜಿ ಸೈತ. ನಾ ಏನ್ ತಪ್ ಮಾಡೀನಿ ಅಂತ ರೂಮಿಗೆ ಹೋಗಿ ಕುಂದರ್ತಿದ್ದೆ."

ಗೋಮತಿ ಅವನನ್ನು ನೋಡಿದರು. "ಮಗಾ, ನಾನ್ ನಲ್ವತ್ ವರ್ಷದಿಂದ ನನ್ ಗಂಡನ್ನ ಹ್ವಾಯ್ ಅಂದೇ ಕರೂದ್. ಅದ್ ಮರ್ಯಾದಿ. ಹೆಸ್ರ್ ಹೇಳ್ಬಾರ್ದಲ್ಲ, ಅದ್ಕೆ."

"ಹಂಗಾದ್ರ ಚಾದಂಗಡಿಯವನೂ?"

"ಅವನೂ."

ಯಲಗೂರೇಶ ಮತ್ತೆ ಕೂತುಕೊಂಡ. ಆರು ತಿಂಗಳ ಅವಮಾನವನ್ನೆಲ್ಲ ಒಂದೊಂದಾಗಿ ವಾಪಸು ತೆಗೆದುಕೊಳ್ಳುವವನ ಹಾಗೆ ಬಹಳ ಹೊತ್ತು ರಸ್ತೆ ನೋಡಿದ. ಕೇಸು ತನ್ನ ಕೈಯಲ್ಲಿಲ್ಲ, ಬರೆದದ್ದು ಮೇಲಿನವರು ಹೇಳಿದ ಹಾಗೆ ಎಂದ. ಅದು ನಿಜವೂ ಆಗಿತ್ತು.

ಬುಧವಾರ ಕೋರ್ಟಿನಲ್ಲಿ ನಿಲ್ಲಲು ಜಾಗವಿರಲಿಲ್ಲ. ವಿಡಿಯೋ ನೋಡಿದವರಿಗೆಲ್ಲ ಮುಂದಿನ ಭಾಗ ಬೇಕಿತ್ತು. ಸರ್ಕಾರಿ ವಕೀಲರು ಎದ್ದು, ಪೊಲೀಸರ ಮೇಲೆ ಕೈ ಮಾಡಿದವರನ್ನು ಸುಲಭಕ್ಕೆ ಬಿಟ್ಟರೆ ಸಮಾಜಕ್ಕೆ ತಪ್ಪು ಸಂದೇಶ ಹೋಗುತ್ತದೆ, ಆರೋಪಿ ಹೊರಗೆ ಬಂದರೆ ಇದೇ ಕೃತ್ಯ ಮತ್ತೆ ಎಸಗುವ ಸಂಭವವಿದೆ ಎಂದರು.

"ಯಾವುದರಿಂದ, ಸ್ವಾಮಿ?" ಎಂದರು ರಂಜನಿ. "ಆಯುಧ ನಿಮ್ಮ ವಶದಲ್ಲೇ ಇದೆಯಲ್ಲ."

ಹಿಂದಿನ ಬೆಂಚಿನಿಂದ ನಗು ಎದ್ದಿತು. ಮ್ಯಾಜಿಸ್ಟ್ರೇಟರು ತಲೆಯೆತ್ತಿದ್ದಕ್ಕೆ ಅಡಗಿತು. ರಂಜನಿ ನಗಲಿಲ್ಲ. ಪೊಲೀಸರ ಮೇಲೆ ಹಲ್ಲೆ ಸಣ್ಣ ವಿಷಯವೆಂದು ತಾನು ಹೇಳುತ್ತಿಲ್ಲ, ಅದನ್ನು ವಿಚಾರಣೆಯಲ್ಲಿ ನೋಡೋಣ. ಆದರೆ ಶಿಕ್ಷೆಯಾಗುವ ಮೊದಲೇ ಜೈಲಿನಲ್ಲಿಡಲು ಕಾರಣ ಬೇಕು, ಸಿಟ್ಟು ಸಾಲದು ಎಂದರು. ವಿಡಿಯೋ ಎಲ್ಲರ ಮೊಬೈಲಿನಲ್ಲಿದೆ, ಹಲ್ಲು ಮೊಹರಿನೊಳಗಿದೆ, ಈ ಮನುಷ್ಯ ನಾಶ ಮಾಡಲಿಕ್ಕೆ ಉಳಿದ ಸಾಕ್ಷ್ಯ ಯಾವುದು? ನೋಟಿಸು ಕೊಟ್ಟಿದ್ದರೆ ಬಸ್ಸಿಗಿಂತ ಮೊದಲೇ ಬಂದು ಠಾಣೆಯಲ್ಲಿ ಕೂರುತ್ತಿದ್ದರು.

"ಅವಾಚ್ಯ ಶಬ್ದದ ಆರೋಪವೂ ಇದೆ," ಎಂದು ಮ್ಯಾಜಿಸ್ಟ್ರೇಟರು ಕಾಗದ ಹತ್ತಿರ ಹಿಡಿದರು. "ಈ ಹ್ವಾಯ್ ಅಂದರೆ ಏನು?"

ಕೋರ್ಟಿನಲ್ಲಿ ಉತ್ತರ ಗೊತ್ತಿಲ್ಲದವರು ಅವರೊಬ್ಬರೇ. ಶಿರಸ್ತೇದಾರರು ಗಂಟಲು ಸರಿಮಾಡಿಕೊಂಡರು. ಕೊನೆಗೆ ಸರ್ಕಾರಿ ವಕೀಲರೇ, ಅವರ ಊರು ಇದೇ ಕಡೆಯ ಸಾಸ್ತಾನ, ಎದ್ದು ನಿಂತು, "ಅದು... ಗೌರವದ ಸಂಬೋಧನೆ, ಮೇಡಂ. ಮನೆಯಲ್ಲಿ ನನ್ನನ್ನೂ ಹಾಗೇ ಕರೀತಾರೆ," ಎಂದರು.

ಶುಕ್ರವಾರ ಬೇಲ್ ಆಯಿತು. ಇಬ್ಬರು ಜಾಮೀನುದಾರರು, ಪ್ರತಿ ಭಾನುವಾರ ಠಾಣೆಯಲ್ಲಿ ಸಹಿ, ಸಾಕ್ಷಿಗಳನ್ನು ಬೆದರಿಸುವಂತಿಲ್ಲ. ಐತಾಳರ ಹಳೆಯ ಡ್ರೈವರ್ ನಾಗ ಮತ್ತು ಗೋಮತಿಯ ತಮ್ಮ ಪಹಣಿ ಹಿಡಿದುಕೊಂಡು ಬೆಳಿಗ್ಗೆಯಿಂದ ಕಾದಿದ್ದರು. ಹಲ್ಲಿಗೆ ಹಾಕಿದ್ದ ಬೇರೆ ಅರ್ಜಿಯೂ ಮಂಜೂರಾಯಿತು. ಅದಕ್ಕೂ ಷರತ್ತುಗಳಿದ್ದವು, ಹಿಡಿದ ಲಾರಿ ಬಿಡುವಾಗ ಹಾಕುವಂಥವೇ. ಫೋಟೋ ತೆಗೆದಿಡಬೇಕು. ಸದರಿ ಸೊತ್ತನ್ನು ಯಾರಿಗೂ ಮಾರಬಾರದು, ಪರಭಾರೆ ಮಾಡಬಾರದು, ಸ್ವರೂಪ ಬದಲಿಸಬಾರದು, ಕೇಳಿದಾಗ ಕೋರ್ಟಿಗೆ ಹಾಜರುಪಡಿಸಬೇಕು.

"ಮಾರುದ್ ಯಾರಿಗಂಬ್ರ್?" ಎಂದು ನಾಗ ಕೇಳಿದ.

ಶನಿವಾರ ಬೆಳಿಗ್ಗೆ ಐತಾಳರು ಹೊರಬಂದರು. ಹನ್ನೊಂದು ದಿನಕ್ಕೆ ಅಂಗಿ ದೊಡ್ಡದಾಗಿತ್ತು. ಗೋಮತಿ ಚೀಲದಿಂದ ಡಬ್ಬಿ ತೆಗೆದರು. ಜೈಲಿನ ಎದುರಿನ ನಲ್ಲಿಯಲ್ಲಿ ತೊಳೆದು ಐತಾಳರು ಹಲ್ಲು ಹಾಕಿಕೊಂಡರು. ಗೋಮತಿ ಕಾದರು. ಹನ್ನೊಂದು ದಿನದ್ದು ಒಟ್ಟಿಗೆ ಬರುತ್ತದೆಂದು ಮೈ ಗಟ್ಟಿಮಾಡಿಕೊಂಡಿದ್ದರು. ಐತಾಳರು ಬಾಯಿ ಒರೆಸಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು.

ಬಸ್ಸಿನಲ್ಲಿ ಕೂತ ಮೇಲೆ, ಅದೂ ಸಂತೆಕಟ್ಟೆ ದಾಟಿದ ಮೇಲೆ, ಅವರು ಮೆಲ್ಲಗೆ ಮಾತಾಡಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಗೋಮತಿ ಮದುವೆ ಮಂಟಪದಲ್ಲೂ ಕೇಳಿರಲಿಲ್ಲ.

"ಗೋಮತಿ, ನಾನ್ ಕಚ್ಚಿದ್ದ್ ಹೌದ್."

"ಎಂತ?"

"ಬಾಯಿ ತಾಗಿದ್ದಲ್ಲ. ಕಚ್ಚಿದ್ದೇ. ಸಿಟ್ಟ್ ಬಂತ್, ಕೈ ಎದ್ರಿಗಿತ್ತ್."

ಗೋಮತಿಗೆ ಮುಖ ಬಿಸಿಯಾಯಿತು. ಹನ್ನೊಂದು ದಿನ ಊರಿಡೀ, ಹಾಲಿನ ಡೈರಿಯಲ್ಲಿ, ದೇವಸ್ಥಾನದಲ್ಲಿ, ಠಾಣೆಯಲ್ಲಿ, ನಮ್ಮವರು ಅಂಥವರಲ್ಲ ಎಂದು ಹೇಳಿಕೊಂಡು ತಿರುಗಿದ್ದರು. "ನಿಮ್ಗೆ ನಾಚ್ಕಿ ಆತಿಲ್ಯಾ? ಅದ್ ನಮ್ ಗೌರೀಶನಕಿಂತ ಸಣ್ ಮಾಣಿ! ಅವನ ಅಬ್ಬಿ ಫೋನಲ್ ಕಣ್ಣೀರ್ ಹಾಕಿ ಮರ್ಕ್ತಿತ್ತಂಬ್ರ್!"

"ಆತ್ತ್," ಎಂದರು ಐತಾಳರು. "ಅದ್ಕೇ ಹೇಳಿದ್ದ್."

ಮರುದಿನ ಗೋಮತಿ ರಂಜನಿಗೆ ಫೋನು ಮಾಡಿ ವಿಷಯ ತೆಗೆದರೆ, "ಅದನ್ನು ನನಗೆ ಹೇಳಬೇಡಿ. ಕಚ್ಚದವರಿಗೆ ಮಾತ್ರ ಬೇಲ್ ಅಂತ ಎಲ್ಲೂ ಇಲ್ಲ," ಎಂದರು ಆಕೆ. ಗೋಮತಿಗೆ ಆ ಮಾತು ಪೂರ್ತಿ ಸಮಾಧಾನ ಕೊಡಲಿಲ್ಲ. ಆದರೆ ಇನ್ನೊಂದು ಪ್ರಶ್ನೆ ಕೇಳಲು ದಾರಿಯಾಯಿತು.

"ಹಾಂಗಾರೆ ಆ ಸುಬ್ಬಂಗೆ ಬೇಲ್ ಆಯಿಯೂ ಒಳಗಿಪ್ಪುದ್ ಎಂತಕ್ಕೆ? ಐತಾಳ್ರ್ ಮನಿಗ್ ಬಂದಾಗಿಂದ ಅವನ ಸುದ್ದಿಯೇ ಹೇಳ್ತ್ರ್. ಊಟಕ್ ಕೂತ್ರೆ ಅವ ಚಪಾತಿ ಅದ್ದಿ ಕೊಟ್ಟದ್ದೇ."

"ಶ್ಯೂರಿಟಿ ಸಿಗದಿದ್ದರೆ ಷರತ್ತು ಸಡಿಲಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಅವನ ಪರವಾಗಿ ಹಾಕಿದವರು ಯಾರೂ ಇಲ್ಲ. ಅರ್ಜಿಗಿಂತ ಬೇಗ ಆಗುವುದು ಯಾರಾದರೂ ನಿಂತರೆ. ಒಬ್ಬರು ಸಾಕು ಅಂತ ಆದೇಶವಿದೆ."

"ನನ್ ಹೆಸ್ರಲ್ ಅಪ್ಪಯ್ಯ ಕೊಟ್ಟ ಮೂವತ್ ಸೆಂಟ್ಸ್ ಜಾಗ ಇತ್ತ್," ಎಂದರು ಗೋಮತಿ.

ಐತಾಳರೇ ನಿಲ್ಲಲು ಹೊರಟಿದ್ದರು. ಸ್ವತಃ ಬೇಲಿನ ಮೇಲಿರುವವರು ಇನ್ನೊಬ್ಬರಿಗೆ ಜಾಮೀನು ನಿಂತರೆ ಕೋರ್ಟು ನಗುತ್ತದೆ ಎಂದು ರಂಜನಿ ಕೂರಿಸಿದರು. ಗುರುವಾರ ಗೋಮತಿ ಪಹಣಿ, ಆಧಾರ್ ಹಿಡಿದು ಕಟಕಟೆಯ ಪಕ್ಕ ನಿಂತರು. ಅದೇ ಮ್ಯಾಜಿಸ್ಟ್ರೇಟರು.

"ಈ ಆರೋಪಿ ನಿಮಗೆ ಗೊತ್ತೇ? ಎಷ್ಟು ಸಮಯದಿಂದ?"

"ಒಂದ್ ಸಲ ಕಂಡಿದ್ದೆ, ಜಾಲರಿ ಹಿಂದೆ. ಕಾಲ್ ಗಂಟೆ."

ರಂಜನಿ ಕಣ್ಣು ಮುಚ್ಚಿಕೊಂಡರು.

"ಕಾಲು ಗಂಟೆಯ ಪರಿಚಯದ ಮೇಲೆ ಜಾಗ ಅಡವಿಡುತ್ತೀರಾ? ಅವನು ಎಂಥವನು ಅಂತ ನಿಮಗೇನು ಗೊತ್ತು?"

ಗೋಮತಿ ಯೋಚಿಸಿದರು. ಪ್ರಮಾಣ ಮಾಡಿದ ಮೇಲೆ ಇದ್ದದ್ದನ್ನೇ ಹೇಳಬೇಕಲ್ಲ. "ಸುಳ್ ಹೇಳ್ತ, ಅಮ್ಮ. ನನ್ನೆದ್ರಿಗೇ ಹೇಳಿದ್ದ. ಆದ್ರೆ ಓಡಿ ಹೋಪವ ಅಲ್ಲ. ಓಡುವವ ಆಗಿದ್ರೆ ಆ ಪೊಲೀಸ್ರನ್ನ ನೀರಲ್ಲೇ ಬಿಟ್ ಓಡ್ತಿದ್ದ."

ಮ್ಯಾಜಿಸ್ಟ್ರೇಟರು ಕಡತ ಹಿಂದಕ್ಕೆ ತಿರುಗಿಸಿ ಏನೋ ಹುಡುಕಿದರು, ಸ್ವಲ್ಪ ಹೊತ್ತು ಓದಿದರು. ಆಮೇಲೆ ಸಹಿ ಮಾಡಿದರು.

ಶುಕ್ರವಾರ ಮಧ್ಯಾಹ್ನ ಸುಬ್ಬ ನಾವುಂದದ ಮನೆಗೆ ಬಂದ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಒಂದು ಅಂಗಿ. ಐತಾಳರು ಬಾಗಿಲಲ್ಲೇ ಹಿಡಿದುಕೊಂಡು ಒಂದು ಗಂಟೆ ಮಾತಾಡಿದರು, ಹಿಂದಿನ ಸೀಟಿನವರಿಗೂ ಬೇರೆ ಬಸ್ಸಿನವರಿಗೂ ಕೇಳುವ ಹಾಗೆ. ಸುಬ್ಬ ನಡುನಡುವೆ ಅಡುಗೆಮನೆಯ ಕಡೆ ನೋಡುತ್ತಿದ್ದ. ಗೋಮತಿ ಬಾಳೆ ಹಾಕಿದರು.

"ಐತಾಳ್ರ್ ಎಂತ ಹೇಳ್ರ್?" ಎಂದು ಬಡಿಸುತ್ತಾ ಕೇಳಿದರು.

"ಈಗ ಒಂದೂ ತಿಳೀತಿಲ್ಲೆ, ಅಮ್ಮ," ಎಂದ ಸುಬ್ಬ, ಅನ್ನಕ್ಕೆ ಕೈಹಾಕಿ. "ಸಾರ್ ಹಾಕಿ."